ಲೂಯಿಸ್ ಕ್ಯಾರಲ್

ಲೂಯಿಸ್ ಕ್ಯಾರಲ್ (ಜನವರಿ 27, 1832 – ಜನವರಿ 14, 1898) ಇಂಗ್ಲೆಂಡಿನ ಲೇಖಕ, ಗಣಿತಜ್ಞ, ತರ್ಕಶಾಸ್ತ್ರಜ್ಞ ಹಾಗೂ ಛಾಯಾಗ್ರಾಹಕ. ಇವನ ನಿಜನಾಮ ಚಾರ್ಲ್ಸ್ ಲಟ್ವಿಜ್ ಡಾಡ್ಜ್‌ಸನ್. 'ಆಲಿಸ್ಸ್ ಅಡ್ವೆಂಚರ್ಸ್ ಇನ್ ವಂಡರ್‌ಲ್ಯಾಂಡ್' (1865) ಮತ್ತು 'ಥ್ರೂ ದಿ ಲುಕಿಂಗ್ ಗ್ಲಾಸ್' (1871) ಎಂಬ ಎರಡು ಮಕ್ಕಳ ಕಥೆಗಳಿಂದ ಜಗತ್ಪ್ರಸಿದ್ಧನಾದನು. ಇಂಗ್ಲಿಷ್ ಪದಗಳನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಬದಲಿಸಿ, ಹುಡುಕಿ ಆಡುವ ಹಲವು ಆಟಗಳನ್ನು ರೂಪಿಸಿದವನೂ ಇವನೇ. ಕೊಟ್ಟ ಕೆಲವು ಅಕ್ಷರಗಳನ್ನು ಒಡಲಲ್ಲಿರಿಸಿಕೊಂಡ ಪದವನ್ನು ಹುಡುಕುವ ಆಟಕ್ಕೆ ನಿಯಮಗಳನ್ನು ಬರೆದು ಅಚ್ಚು ಹಾಕಿಸಿದ ಮೊದಲಿಗರಲ್ಲಿ ಇವನೊಬ್ಬ. ಆಲಿಸಳ ಕೀರ್ತಿಯ ನೆರಳಿನಲ್ಲಿ ಈ ಆಟಗಳು ಮರೆಯಾಗಿರುವುದು ಸಹಜವೇ ಆದರೂ ಇವನ ಬದುಕನ್ನೂ ಬರಹವನ್ನೂ ಒಟ್ಟಿಗೆ ನೋಡಬಯಸುವವರಿಗೆ ಅವುಗಳಷ್ಟು ನೆರವಾಗುವುದು ಬೇರೊಂದಿಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಡಾಡ್ಜ್‌ಸನ್ ಚೆಷೈರ್ ಪ್ರಾಂತದ ಡೇರ್ಸ್‌ಬರಿ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆಯ ಹೆಸರೂ ಚಾರ್ಲ್ಸ್ ಡಾಡ್ಜ್‌ಸನ್ ಎಂದೇ. ಅವರು ಆ ಊರಿನ ಚರ್ಚಿನ ಪಾದ್ರಿ. ತಾಯಿ ಫ್ರಾನ್ಸಿಸ್ ಜೇನ್ ಲಟ್ವಿಜ್. ಹನ್ನೊಂದು ಮಕ್ಕಳ ಕುಟುಂಬದಲ್ಲಿ ಇವನು ಮೂರನೆಯವನು, ಗಂಡುಮಕ್ಕಳಲ್ಲಿ ಹಿರಿಯ. 1843ರಲ್ಲಿ ತಂದೆಗೆ ಯಾರ್ಕ್‌ಷೈರಿನ ಕ್ರಾಫ್ಟ್ ಎಂಬ ಊರಿನ ಚರ್ಚು ದೊರೆತು ಕುಟುಂಬವು ಅಲ್ಲಿಗೆ ಸ್ಥಳಾಂತರಗೊಂಡಿತು. ಆ ಮನೆಯಲ್ಲಿ ತಮ್ಮ ತಂಗಿಯರ ಮನರಂಜನೆಯ ಹೊಣೆ ಚಾರ್ಲ್ಸನದಾಯಿತು. ಅವನು ಬೊಂಬೆಯಾಟ ಆಡಿಸುತ್ತಿದ್ದನು, ಹೊಸ ಆಟಗಳನ್ನು ಕಟ್ಟುತ್ತಿದ್ದನು, ಕೈಬರಹದ ಮನೆಪತ್ರಿಕೆಗಳನ್ನು ಹೊರಡಿಸುತ್ತಿದ್ದನು. ಈ ಪತ್ರಿಕೆಗಳಲ್ಲಿ ಕೊನೆಯದರ ಹೆಸರು 'ಮಿಶ್‌ಮಾಶ್'. ಕಲಬೆರಕೆ ಎಂಬ ಅರ್ಥದ ಈ ಜರ್ಮನ್ ಪದವನ್ನು ಅವನು ಇಪ್ಪತ್ತೈದು ವರ್ಷಗಳ ಅನಂತರ ಮತ್ತೊಂದು ಕಡೆ ಬಳಸಿದ್ದು ಮುಂದೆ ತಿಳಿಯುತ್ತದೆ.

ರಿಚ್‌ಮಂಡ್ ಶಾಲೆಯಲ್ಲಿ ಸುಮಾರು ಒಂದೂವರೆ ವರ್ಷ, ರಗ್ಬಿ ಶಾಲೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓದಿದನು. ಗಣಿತದಲ್ಲಿ ಬಹುಮಾನಗಳು ಬಂದರೂ ರಗ್ಬಿಯ ದಿನಗಳನ್ನು ಅವನು ಎಂದೂ ಸಂತೋಷದಿಂದ ನೆನೆಯಲಿಲ್ಲ. ಬಾಲ್ಯದಿಂದಲೇ ಉಗ್ಗು ಇತ್ತು. ಬಲಗಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಒಡಹುಟ್ಟಿದವರಲ್ಲಿ ಹಲವರಿಗೂ ಉಗ್ಗು ಇದ್ದಿತು. ನಾಲಿಗೆಯ ಮೇಲೆ ತಡವರಿಸುತ್ತಿದ್ದ ಪದಗಳು ಕಾಗದದ ಮೇಲೆ ಹೇಳಿದಂತೆ ಕೇಳುತ್ತಿದ್ದುದರಿಂದಲೇ ಅವನು ಪದಗಳ ಆಟಕ್ಕೆ ಒಲಿದನೆಂದು ಊಹಿಸುವುದು ಸುಲಭ. ಆದರೆ ಅದು ಊಹೆಯೇ ಹೊರತು ಅದಕ್ಕೆ ದಾಖಲೆಯ ಆಧಾರವಿಲ್ಲ.

ಆಕ್ಸ್‌ಫರ್ಡ್

1851ರ ಜನವರಿಯಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜನ್ನು ಸೇರಿದನು. ಸೇರಿದ ಎರಡೇ ದಿನಗಳಲ್ಲಿ ತಾಯಿ ತೀರಿಕೊಂಡ ಸುದ್ದಿ ಬಂದು ಊರಿಗೆ ಹಿಂತಿರುಗಬೇಕಾಯಿತು. 1854ರಲ್ಲಿ ಗಣಿತದಲ್ಲಿ ಪ್ರಥಮ ವರ್ಗದಲ್ಲಿ ತೇರ್ಗಡೆಯಾದನು. 1855ರಲ್ಲಿ ಅದೇ ಕಾಲೇಜಿನಲ್ಲಿ ಗಣಿತದ ಅಧ್ಯಾಪಕನಾಗಿ ನೇಮಕಗೊಂಡು 1881ರವರೆಗೆ ಪಾಠ ಹೇಳಿದನು. ಬದುಕಿನ ಉಳಿದ ಕಾಲವನ್ನೆಲ್ಲ ಆ ಕಾಲೇಜಿನ ಆವರಣದ ಕೊಠಡಿಗಳಲ್ಲೇ ಕಳೆದನು. ಕಾಲೇಜಿನ ಆಜೀವ ಸದಸ್ಯತ್ವಕ್ಕೆ ಅವಿವಾಹಿತನಾಗಿರಬೇಕೆಂಬ ನಿಬಂಧನೆಯಿತ್ತು, ಅವನು ಮದುವೆಯಾಗಲಿಲ್ಲ. 1861ರಲ್ಲಿ ಚರ್ಚಿನ ಡೀಕನ್ ದೀಕ್ಷೆ ಪಡೆದನಾದರೂ ಅದರ ಮುಂದಿನ ಹಂತವಾದ ಪಾದ್ರಿ ಪದವಿಗೆ ಹೋಗಲಿಲ್ಲ.

1856ರಿಂದ 1880ರವರೆಗೆ ಛಾಯಾಗ್ರಹಣದಲ್ಲಿ ತೊಡಗಿದ್ದನು. ಕವಿ ಟೆನಿಸನ್, ನಟಿ ಎಲೆನ್ ಟೆರಿ ಮೊದಲಾದವರ ಚಿತ್ರಗಳನ್ನು ತೆಗೆದನು. ಅವನು ತೆಗೆದ ಚಿತ್ರಗಳಲ್ಲಿ ಬಹುಪಾಲು ಮಕ್ಕಳವು, ಕೆಲವು ನಗ್ನಚಿತ್ರಗಳೂ ಇವೆ. ಹೆತ್ತವರ ಒಪ್ಪಿಗೆ ಪಡೆದೇ ತೆಗೆದವು ಇವೆಂಬುದು ತಿಳಿದಿದ್ದರೂ ಇಪ್ಪತ್ತನೆಯ ಶತಮಾನದ ವಿಮರ್ಶಕರು ಇವನ ಸ್ವಭಾವದ ಕುರಿತು ಪ್ರಶ್ನೆಗಳನ್ನೆತ್ತಿದ್ದಾರೆ. ದಿನಚರಿಯ ಹದಿಮೂರು ಸಂಪುಟಗಳಲ್ಲಿ ನಾಲ್ಕು ಕಾಣೆಯಾಗಿವೆ, ಉಳಿದವುಗಳಲ್ಲಿಯೂ ಕೆಲವು ಪುಟಗಳನ್ನು ಕತ್ತರಿಸಲಾಗಿದೆ. ಆದ್ದರಿಂದ ವಾದ ಇಂದಿಗೂ ಮುಗಿದಿಲ್ಲ.

ಕಾವ್ಯನಾಮ

1856ರಲ್ಲಿ 'ದಿ ಟ್ರೈನ್' ಎಂಬ ಪತ್ರಿಕೆಗೆ ಕವಿತೆಯೊಂದನ್ನು ಕೊಡುವಾಗ ಸಂಪಾದಕ ಎಡ್ಮಂಡ್ ಯೇಟ್ಸ್‌ಗೆ ಡಾಡ್ಜ್‌ಸನ್ ನಾಲ್ಕು ಹೆಸರುಗಳನ್ನು ಸೂಚಿಸಿದನು. ಎಡ್ಗರ್ ಕತ್‌ವೆಲಿಸ್ ಮತ್ತು ಎಡ್ಗರ್ ಯು. ಸಿ. ವೆಸ್ಟ್‌ಹಿಲ್ ಎಂಬ ಎರಡು ಹೆಸರುಗಳು ಚಾರ್ಲ್ಸ್ ಲಟ್ವಿಜ್ ಎಂಬುದರ ಹದಿನೈದು ಇಂಗ್ಲಿಷ್ ಅಕ್ಷರಗಳನ್ನೇ, ಒಂದೂ ಉಳಿಯದಂತೆ, ಒಂದೂ ಹೆಚ್ಚಾಗದಂತೆ ಮರುಜೋಡಿಸಿದವು. ಉಳಿದೆರಡು ಲೂಯಿ ಕ್ಯಾರಲ್ ಮತ್ತು ಲೂಯಿಸ್ ಕ್ಯಾರಲ್. ಚಾರ್ಲ್ಸ್ ಎಂಬುದನ್ನು ಲ್ಯಾಟಿನ್ನಿನ ಕ್ಯಾರೊಲಸ್ ಮಾಡಿ ಅದರಿಂದ ಕ್ಯಾರಲ್. ಲಟ್ವಿಜ್ ಎಂಬುದನ್ನು ಲುಡೊವಿಕಸ್ ಮಾಡಿ ಅದರಿಂದ ಲೂಯಿಸ್. ಕೊನೆಗೆ ಎರಡನ್ನೂ ಹಿಂದುಮುಂದಾಗಿಸಿದ್ದು. ಯೇಟ್ಸ್ ಕೊನೆಯದನ್ನು ಆರಿಸಿದನು. ಸಂಪಾದಕನ ಆಯ್ಕೆ ಬೇರೆಯಾಗಿದ್ದರೆ ಇಂದು ಮಕ್ಕಳು ಎಡ್ಗರ್ ಕತ್‌ವೆಲಿಸನ ಪುಸ್ತಕ ಓದುತ್ತಿದ್ದರು.

ಆಲಿಸ್

1855ರಲ್ಲಿ ಹೆನ್ರಿ ಲಿಡಲ್ ಎಂಬಾತ ಕ್ರೈಸ್ಟ್ ಚರ್ಚಿನ ಡೀನ್ ಆಗಿ ಬಂದನು. ಈತ ಗ್ರೀಕ್–ಇಂಗ್ಲಿಷ್ ನಿಘಂಟಿನ ಇಬ್ಬರು ಕರ್ತೃಗಳಲ್ಲೊಬ್ಬ. 1862ರ ಜುಲೈ 4ರಂದು ಈ ನಿಘಂಟುಕಾರನ ಮೂವರು ಹೆಣ್ಣುಮಕ್ಕಳಾದ ಲೊರಿನಾ, ಆಲಿಸ್, ಈಡಿತ್ ಹಾಗೂ ಗೆಳೆಯ ರಾಬಿನ್‌ಸನ್ ಡಕ್‌ವರ್ತ್ ಜೊತೆಗೂಡಿ ಡಾಡ್ಜ್‌ಸನ್ ಆಕ್ಸ್‌ಫರ್ಡಿನಿಂದ ಗಾಡ್‌ಸ್ಟೋವರೆಗೆ ದೋಣಿಯಲ್ಲಿ ಹೋದನು. ದಾರಿಯಲ್ಲಿ ಹೇಳಿದ ಕಥೆಯನ್ನು ಬರೆದುಕೊಡೆಂದು ಆಲಿಸ್ ಕೇಳಿದಳು. ಸ್ವಂತ ಚಿತ್ರಗಳಿಂದ ಕೂಡಿದ ಕೈಬರಹದ ಪ್ರತಿಯು 1864ರ ನವೆಂಬರಿನಲ್ಲಿ ಅವಳ ಕೈಸೇರಿತು. ಹಿಗ್ಗಿಸಿ ಬರೆದ ರೂಪವು ಜಾನ್ ಟೆನ್ನಿಯಲ್‌ನ ಚಿತ್ರಗಳೊಂದಿಗೆ 1865ರಲ್ಲಿ ಮ್ಯಾಕ್‌ಮಿಲನ್ ಸಂಸ್ಥೆಯಿಂದ ಪ್ರಕಟವಾಯಿತು. ಚಿತ್ರಗಳ ಮುದ್ರಣ ಸರಿಯಿಲ್ಲವೆಂದು ಟೆನ್ನಿಯಲ್ ಆಕ್ಷೇಪಿಸಿದ್ದರಿಂದ ಮೊದಲ 2000 ಪ್ರತಿಗಳ ಮುದ್ರಣವನ್ನು ಹಿಂತೆಗೆದುಕೊಳ್ಳಬೇಕಾಯಿತು.

ಎರಡನೆಯ ಪುಸ್ತಕದಲ್ಲಿ ಪದಗಳ ಮೇಲಿನ ಅವನ ಹಿಡಿತ ಇನ್ನೂ ಬಿಗಿಯಾಗಿದೆ. ಅದರಲ್ಲಿನ 'ಜಬರ್‌ವಾಕಿ' ಕವಿತೆಯ ಮೊದಲ ಪದ್ಯವನ್ನು ಅವನು 1855ರಲ್ಲೇ 'ಮಿಶ್‌ಮಾಶ್' ಮನೆಪತ್ರಿಕೆಗಾಗಿ ಬರೆದಿದ್ದನು. ಇಲ್ಲದ ಪದಗಳನ್ನು ಇರುವ ಪದಗಳ ತುಣುಕುಗಳಿಂದ ಕಟ್ಟುವುದು ಈ ಕವಿತೆಯ ರೀತಿ. ಹೀಗೆ ಹುಟ್ಟಿದ ಚಾರ್ಟಲ್ ಎಂಬ ಪದವು ಇಂದು ಇಂಗ್ಲಿಷ್ ನಿಘಂಟುಗಳಲ್ಲಿ ನೆಲೆಯೂರಿದೆ. ಪುಸ್ತಕದ ಕೊನೆಯ ಕವಿತೆಗೆ ಇಪ್ಪತ್ತೊಂದು ಸಾಲು. ಪ್ರತಿ ಸಾಲಿನ ಮೊದಲ ಅಕ್ಷರವನ್ನು ಮೇಲಿನಿಂದ ಕೆಳಗೆ ಓದಿದರೆ ಆಲಿಸ್ ಪ್ಲೆಸೆನ್ಸ್ ಲಿಡಲ್ ಎಂಬ ಪೂರ್ಣನಾಮ ಸಿಗುತ್ತದೆ. ಮುಂದಿನ ಕೃತಿಗಳ ಅರ್ಪಣಾಪದ್ಯಗಳಲ್ಲೂ ಇದೇ ಜಾಣ್ಮೆ ಕಾಣುತ್ತದೆ. 1893ರ 'ಸಿಲ್ವಿ ಅಂಡ್ ಬ್ರೂನೊ ಕನ್‌ಕ್ಲೂಡೆಡ್' ಕೃತಿಯ ಅರ್ಪಣೆಯಲ್ಲಿ ಹೆಸರು ಅಡಗಿರುವುದು ಸಾಲುಗಳ ಮೊದಲ ಅಕ್ಷರದಲ್ಲಲ್ಲ, ಮೂರನೆಯ ಅಕ್ಷರದಲ್ಲಿ.

ಪದಗಳ ಆಟಗಳು

1877ರ ಕ್ರಿಸ್‌ಮಸ್ ಸಮಯದಲ್ಲಿ ಜೂಲಿಯಾ ಮತ್ತು ಎಥೆಲ್ ಆರ್ನಲ್ಡ್ ಎಂಬ ಸೋದರಿಯರು ಹೊತ್ತು ಹೋಗುತ್ತಿಲ್ಲವೆಂದು ಒಗಟುಗಳಿಗಾಗಿ ಡಾಡ್ಜ್‌ಸನ್‌ಗೆ ದುಂಬಾಲು ಬಿದ್ದರು. ಅವರಿಗಾಗಿ ಹುಟ್ಟಿದ ಆಟವೇ 'ಡಬ್ಲೆಟ್ಸ್'. ಸಮಾನ ಸಂಖ್ಯೆಯ ಅಕ್ಷರಗಳುಳ್ಳ ಎರಡು ಪದಗಳನ್ನು ಕೊಡಲಾಗುತ್ತದೆ. ಪ್ರತಿ ಹೆಜ್ಜೆಗೂ ಒಂದೇ ಒಂದು ಅಕ್ಷರವನ್ನು ಬದಲಿಸುತ್ತ, ಉಳಿದವನ್ನು ಇದ್ದಲ್ಲೇ ಬಿಟ್ಟು, ಮೊದಲ ಪದದಿಂದ ಎರಡನೆಯದಕ್ಕೆ ಸಾಗಬೇಕು. ನಡುವಿನ ಪ್ರತಿಯೊಂದೂ ನಿಜವಾದ ಪದವಾಗಿರಬೇಕು. ತಲೆ ಎಂಬರ್ಥದ ಹೆಡ್ ಪದದಿಂದ ಬಾಲ ಎಂಬರ್ಥದ ಟೇಲ್ ಪದಕ್ಕೆ ಹೋಗಲು ಹೀಲ್, ಟೀಲ್, ಟೆಲ್, ಟಾಲ್ ಎಂಬ ನಾಲ್ಕು ಮೆಟ್ಟಿಲುಗಳು ಸಾಕು. ಹಂದಿಯನ್ನು (ಪಿಗ್) ಅದರ ಗೂಡಿಗೆ (ಸ್ಟೈ) ಅಟ್ಟಲು ವಿಗ್, ವ್ಯಾಗ್, ವೇ, ಸೇ ಎಂಬ ದಾರಿಯಿದೆ. ಕನ್ನಡ ಲಿಪಿಯಲ್ಲಿ ಬರೆದಾಗ ಈ ಮೆಟ್ಟಿಲುಗಳ ಚೆಲುವು ಕಾಣದು. ಆಟವೆಲ್ಲ ಇಂಗ್ಲಿಷಿನ ಕಾಗುಣಿತದ ಮೇಲೆ ನಿಂತಿದೆ, ಉಚ್ಚಾರಣೆಯ ಮೇಲಲ್ಲ. 1879ರ ಮಾರ್ಚಿನಿಂದ 'ವ್ಯಾನಿಟಿ ಫೇರ್' ವಾರಪತ್ರಿಕೆಯಲ್ಲಿ ಈ ಆಟವು ಸ್ಪರ್ಧೆಯಾಗಿ ಬಂದಿತು, ಅದೇ ವರ್ಷ ಪುಸ್ತಕವೂ ಆಯಿತು. ಯಾವುದು ನಿಜವಾದ ಪದ ಎಂಬ ಜಗಳ ಏಳದಿರಲೆಂದು ಅವನು ಬಳಸಬಹುದಾದ ಸಣ್ಣ ಪದಗಳ ಪಟ್ಟಿಯನ್ನೂ ಸಿದ್ಧಪಡಿಸಿದನು.

ಮನೆಪತ್ರಿಕೆಯ ಹಳೆಯ ಹೆಸರು ಮರಳಿ ಬಂದದ್ದು 1881ರಲ್ಲಿ. ಷಾರ್ಲಟ್ ಯಂಗ್ ಸಂಪಾದಿಸುತ್ತಿದ್ದ 'ದಿ ಮಂತ್ಲಿ ಪ್ಯಾಕೆಟ್' ಪತ್ರಿಕೆಯಲ್ಲಿ ಅವನು 'ಮಿಶ್‌ಮಾಶ್' ಎಂಬ ಇಬ್ಬರು ಆಡುವ ಆಟವನ್ನು ಪ್ರಕಟಿಸಿದನು. ಒಬ್ಬನು ಎರಡು ಅಥವಾ ಹೆಚ್ಚು ಅಕ್ಷರಗಳ ಒಂದು ಗುಂಪನ್ನು ಹೇಳುತ್ತಾನೆ. ಅದಕ್ಕೆ ಕ್ಯಾರಲ್ ಕೊಟ್ಟ ಹೆಸರು ನ್ಯೂಕ್ಲಿಯಸ್, ಎಂದರೆ ತಿರುಳು. ಆ ಅಕ್ಷರಗಳು ಅದೇ ಕ್ರಮದಲ್ಲಿ, ನಡುವೆ ಬೇರೊಂದು ಸೇರದಂತೆ ಇರುವ ಪದವನ್ನು ಇನ್ನೊಬ್ಬನು ಕಂಡುಹಿಡಿಯಬೇಕು. ಜಿ-ಪಿ ಎಂಬ ತಿರುಳಿಗೆ ಮ್ಯಾಗ್‌ಪೈ (ಒಂದು ಹಕ್ಕಿ), ಇ-ಎಂ-ಒ ಎಂಬುದಕ್ಕೆ ಲೆಮನ್ (ನಿಂಬೆ), ಐ-ಎಂ-ಎಸ್-ಇ ಎಂಬುದಕ್ಕೆ ಹಿಮ್‌ಸೆಲ್ಫ್ ಅವನೇ ಕೊಟ್ಟ ಉದಾಹರಣೆಗಳು. ಸಾಮಾನ್ಯ ಜನರ ಬಳಕೆಯಲ್ಲಿರುವ ಪದಗಳಿಗಷ್ಟೇ ಮನ್ನಣೆ, ಅಂಕಿತನಾಮಗಳು ಸಲ್ಲವು. ಎರಡು ಪದಗಳನ್ನು ಅಡ್ಡಗೆರೆಯಿಂದ ಕೂಡಿಸಿ, ಆ ಗೆರೆಯ ಆಚೀಚೆಯ ಅಕ್ಷರಗಳನ್ನು ತಿರುಳೆಂದು ತೋರಿಸುವಂತಿಲ್ಲ. ಇ-ಆರ್-ಜಿ-ಎ ಎಂಬುದಕ್ಕೆ ಫ್ಲವರ್-ಗಾರ್ಡನ್ ಎಂದರೆ ಒಪ್ಪಿಗೆಯಿಲ್ಲ.

ಈ ಆಟದ ಸ್ವಾರಸ್ಯ ಇರುವುದು ಒಂದು ಸಣ್ಣ ನಿಯಮದಲ್ಲಿ. ತಿರುಳನ್ನು ಹೇಳುವವನಿಗೆ ಅದುಳ್ಳ ಪದ ತಿಳಿದಿರಲೇಬೇಕೆಂದಿಲ್ಲ. ಉತ್ತರಿಸುವವನು ಪದವನ್ನು ಹೇಳಬಹುದು, ಸೋಲೊಪ್ಪಬಹುದು, ಇಲ್ಲವೇ ಅಂಥ ಪದವೇ ಇಲ್ಲವೆಂದು ಘೋಷಿಸಬಹುದು. ಇದ್ದರೆ ಒಂದು ಪದವನ್ನು ಎತ್ತಿ ತೋರಿಸಿದರೆ ಮುಗಿಯಿತು. ಇಲ್ಲವೆಂಬುದನ್ನು ಸ್ಥಾಪಿಸಲು ಇಡೀ ಭಾಷೆಯನ್ನೇ ಜಾಲಾಡಬೇಕು. ಮನುಷ್ಯನ ನೆನಪು ಪದಗಳನ್ನು ಮೊದಲ ಅಕ್ಷರದಿಂದ ಹಿಡಿದು ತರುತ್ತದೆ, ನಿಘಂಟೂ ಹಾಗೆಯೇ ಜೋಡಣೆಗೊಂಡಿದೆ. ಜಿ-ಪಿ ಎಂಬುದು ಪದದ ನಡುವೆ ಅಡಗಿದ್ದರೆ ಎರಡೂ ನೆರವಿಗೆ ಬಾರವು. ಜಿ ಎಂಬುದು ಒಂದು ಉಚ್ಚಾರಾಂಶದ ಕೊನೆ, ಪಿ ಮುಂದಿನದರ ಮೊದಲು ಎಂದು ಊಹಿಸಿ, ಮ್ಯಾಗ್, ಪೆಗ್, ಡಾಗ್ ಎಂದು ಮುಂಗಡೆಯ ತುಂಡುಗಳನ್ನು ಒಂದೊಂದಾಗಿ ಹೊಂದಿಸಿ ನೋಡುವುದೇ ಕೈಯಿಂದ ಹುಡುಕುವ ಹಾದಿ. ಇಂದು ಪದಪಟ್ಟಿಯನ್ನು ಗಣಕಕ್ಕೆ ಕೊಟ್ಟರೆ ಕ್ಷಣಮಾತ್ರದಲ್ಲಿ ಉತ್ತರ ಬರುತ್ತದೆ. ಆದರೆ ಪಟ್ಟಿಯಲ್ಲಿರುವ ಪದ ಜನರ ಬಳಕೆಯಲ್ಲಿದೆಯೇ ಎಂಬ ಕ್ಯಾರಲ್‌ನ ಪ್ರಶ್ನೆಯನ್ನು ಗಣಕ ಬಗೆಹರಿಸುವುದಿಲ್ಲ.

1891ರಲ್ಲಿ 'ದಿ ಲೇಡಿ' ಪತ್ರಿಕೆಯಲ್ಲಿ ಬಂದ 'ಸಿಜಿಜೀಸ್' ಈ ಎರಡು ಆಟಗಳ ಸಂಗಮ. ಇಲ್ಲಿ ಬದಲಿಸುವುದು ಒಂದಕ್ಷರವನ್ನಲ್ಲ. ಅಕ್ಕಪಕ್ಕದ ಎರಡು ಪದಗಳಲ್ಲಿ ಸಮಾನವಾದ ಒಂದು ಅಕ್ಷರಗುಂಪು ಇರಬೇಕು. ವಾಲ್ರಸ್ ಪದದಿಂದ ಕಾರ್ಪೆಂಟರ್ ಪದಕ್ಕೆ ಅವನು ಕಟ್ಟಿದ ಸರಪಳಿ ಹೀಗಿದೆ: ವಾಲ್ರಸ್‌ನ ಆರ್-ಯು-ಎಸ್ ಅನ್ನು ಹಿಡಿದು ಪೆರೂಸ್, ಅದರ ಪಿ-ಇ-ಆರ್ ಹಿಡಿದು ಹಾರ್ಪರ್, ಅದರ ಎ-ಆರ್-ಪಿ-ಇ ಹಿಡಿದು ಕಾರ್ಪೆಂಟರ್. ವಾಲ್ರಸ್ ಮತ್ತು ಬಡಗಿ ಎಂಬ ಜೋಡಿ ಅವನ ಎರಡನೆಯ ಆಲಿಸ್ ಕಥೆಯ ಓದುಗರಿಗೆ ಪರಿಚಿತವೇ.

1880ರ ಡಿಸೆಂಬರಿನ ದಿನಚರಿಯಲ್ಲಿ ಚದುರಂಗದ ಮಣೆಯ ಮೇಲೆ ಅಕ್ಷರಗಳನ್ನು ನಡೆಸುತ್ತ ಪದಗಳಾಗಿಸುವ ಆಟದ ಯೋಚನೆಯನ್ನೂ ಅವನು ಗುರುತು ಹಾಕಿಕೊಂಡಿದ್ದಾನೆ. ಇದನ್ನು 1930ರ ದಶಕದಲ್ಲಿ ಆಲ್‌ಫ್ರೆಡ್ ಬಟ್ಸ್ ರೂಪಿಸಿದ ಸ್ಕ್ರ್ಯಾಬಲ್ ಆಟದ ಮುನ್ಸೂಚನೆ ಎನ್ನುವವರಿದ್ದಾರೆ. ಹೋಲಿಕೆ ಇದೆ, ಒಂದರಿಂದ ಇನ್ನೊಂದು ಬಂದಿತೆನ್ನಲು ಆಧಾರವಿಲ್ಲ.

ಅಂಕಿಗಳಿಂದ ಪದ

ಇಸವಿಗಳನ್ನು ನೆನಪಿಡಲು ಕ್ಯಾರಲ್ 1870ರ ದಶಕದಲ್ಲಿ ಸುಧಾರಿಸಿದ ಪದ್ಧತಿಯೂ ಪದ ಹುಡುಕುವ ಆಟವೇ. ಪ್ರತಿ ಅಂಕಿಗೂ ಎರಡು ವ್ಯಂಜನಗಳು: 1ಕ್ಕೆ ಬಿ, ಸಿ, 2ಕ್ಕೆ ಡಿ, ಡಬ್ಲ್ಯು, 4ಕ್ಕೆ ಎಫ್, ಕ್ಯೂ, 9ಕ್ಕೆ ಎನ್, ಜಿ, ಹೀಗೆ. ಸ್ವರಗಳಿಗೆ ಬೆಲೆಯಿಲ್ಲ, ಬೇಕಾದಂತೆ ತುಂಬಿಕೊಳ್ಳಬಹುದು. ಕೊಲಂಬಸನ 1492ನೇ ಇಸವಿಯಲ್ಲಿ ಸಾವಿರದ ಅಂಕಿಯನ್ನು ಬಿಟ್ಟರೆ ಉಳಿಯುವುದು 4, 9, 2. ಇವುಗಳಿಗೆ ಎಫ್, ಎನ್, ಡಿ ಆರಿಸಿಕೊಂಡು ನಡುವೆ ಸ್ವರ ತುಂಬಿದರೆ ಕಂಡುಹಿಡಿಯಲಾಯಿತು ಎಂಬರ್ಥದ ಫೌಂಡ್ ಪದ ಸಿದ್ಧ. ಆ ಪದವನ್ನು ಪ್ರಾಸದ ಜಾಗದಲ್ಲಿರಿಸಿ ದ್ವಿಪದಿ ಕಟ್ಟುವುದು ಅವನ ಕ್ರಮ. ಭಾರತದ ಕಟಪಯಾದಿ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದೆನಿಸದು. ಅಲ್ಲಿಯೂ ವ್ಯಂಜನಕ್ಕೇ ಬೆಲೆ, ಸ್ವರ ಕವಿಯ ಸ್ವಾತಂತ್ರ್ಯಕ್ಕೆ ಬಿಟ್ಟದ್ದು. ಆದರೆ ಕ್ಯಾರಲ್ ಅದನ್ನು ಬಲ್ಲವನಲ್ಲ. ರಿಚರ್ಡ್ ಗ್ರೇ ಎಂಬ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಲೇಖಕನ ಪದ್ಧತಿಯನ್ನು ತಿದ್ದಿದವನು.

ಗಣಿತ ಮತ್ತು ತರ್ಕ

ನಿರ್ಧಾರಕಗಳ ಬೆಲೆ ಕಂಡುಹಿಡಿಯುವ ಅವನ ಸಾಂದ್ರೀಕರಣ ವಿಧಾನ (1866) ಇಂದಿಗೂ ಅವನ ಹೆಸರಿನಲ್ಲೇ ಬಳಕೆಯಲ್ಲಿದೆ. 'ಯೂಕ್ಲಿಡ್ ಅಂಡ್ ಹಿಸ್ ಮಾಡರ್ನ್ ರೈವಲ್ಸ್' (1879), 'ದಿ ಗೇಮ್ ಆಫ್ ಲಾಜಿಕ್', 'ಸಿಂಬಾಲಿಕ್ ಲಾಜಿಕ್' (1896) ಇತರ ಮುಖ್ಯ ಗ್ರಂಥಗಳು. ಮತಎಣಿಕೆಯ ಕ್ರಮಗಳ ಕುರಿತು ಬರೆದ ಕಿರುಪುಸ್ತಕಗಳ ಮಹತ್ವವನ್ನು ಇಪ್ಪತ್ತನೆಯ ಶತಮಾನದ ಅರ್ಥಶಾಸ್ತ್ರಜ್ಞರು ಗುರುತಿಸಿದರು.

ಕೊನೆಯ ವರ್ಷಗಳು

1868ರಲ್ಲಿ ತಂದೆ ತೀರಿಕೊಂಡ ಮೇಲೆ ಅವಿವಾಹಿತ ಸೋದರಿಯರಿಗಾಗಿ ಗಿಲ್‌ಫರ್ಡ್ ಪಟ್ಟಣದಲ್ಲಿ 'ದಿ ಚೆಸ್ಟ್‌ನಟ್ಸ್' ಎಂಬ ಮನೆಯನ್ನು ಗೊತ್ತುಮಾಡಿದನು. ಇರುಳು ನಿದ್ದೆ ಬಾರದಿದ್ದಾಗ ದೀಪ ಹಚ್ಚದೆ ಗಣಿತದ ಸಮಸ್ಯೆಗಳನ್ನು ಮನಸ್ಸಿನಲ್ಲೇ ಬಿಡಿಸುತ್ತಿದ್ದನು; ಅಂಥ 72 ಸಮಸ್ಯೆಗಳ ಸಂಗ್ರಹ 1893ರಲ್ಲಿ ಹೊರಬಂದಿತು. ಕತ್ತಲಲ್ಲಿ ಹೊಳೆದದ್ದನ್ನು ಎದ್ದು ದೀಪ ಹಚ್ಚದೆ ಬರೆದಿಡಲು 1891ರಲ್ಲಿ ಸಾಲಾಗಿ ಚೌಕ ರಂಧ್ರಗಳಿರುವ ರಟ್ಟೊಂದನ್ನು ಮಾಡಿ, ಚುಕ್ಕೆ ಗೆರೆಗಳ ಒಂದು ಲಿಪಿಯನ್ನೇ ಕಲ್ಪಿಸಿದನು. ಬಂದ ಹಾಗೂ ಕಳುಹಿಸಿದ ಪತ್ರಗಳಿಗೆಲ್ಲ ಕ್ರಮಸಂಖ್ಯೆ ಕೊಟ್ಟು ದಾಖಲೆಯಿಟ್ಟಿದ್ದನು. ಕೊನೆಯ ಸಂಖ್ಯೆ 98,721. ಈ ಪತ್ರಗಳಲ್ಲಿ ಅದೆಷ್ಟೋ ಬಾಲಗೆಳತಿಯರಿಗೆ ಬರೆದವು, ಒಗಟು ಹಾಗೂ ಪದಚಮತ್ಕಾರಗಳಿಂದ ತುಂಬಿದವು.

1897ರ ಕ್ರಿಸ್‌ಮಸ್ಸಿಗೆಂದು ಗಿಲ್‌ಫರ್ಡ್‌ಗೆ ಹೋದವನು ಇನ್‌ಫ್ಲುಯೆಂಜಾಗೆ ತುತ್ತಾಗಿ, ಅದು ನ್ಯುಮೋನಿಯಾಕ್ಕೆ ತಿರುಗಿ 1898ರ ಜನವರಿ 14ರಂದು, ಅರವತ್ತಾರು ತುಂಬಲು ಎರಡು ವಾರವಿರುವಾಗ ನಿಧನನಾದನು. ಸಮಾಧಿ ಅದೇ ಊರಿನ ಮೌಂಟ್ ಸ್ಮಶಾನದಲ್ಲಿದೆ. ಅದೇ ವರ್ಷ ಸೋದರಿಯ ಮಗ ಸ್ಟುವರ್ಟ್ ಡಾಡ್ಜ್‌ಸನ್ ಕಾಲಿಂಗ್‌ವುಡ್ ಮೊದಲ ಜೀವನಚರಿತ್ರೆಯನ್ನು ಪ್ರಕಟಿಸಿದನು. ಆಲಿಸ್ ತನ್ನಲ್ಲಿದ್ದ ಕೈಬರಹದ ಪ್ರತಿಯನ್ನು 1928ರಲ್ಲಿ ಹರಾಜಿಗಿಟ್ಟಾಗ ಅದು 15,400 ಪೌಂಡುಗಳಿಗೆ ಮಾರಾಟವಾಗಿ ಅಮೆರಿಕಕ್ಕೆ ಹೋಯಿತು. 1948ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಮರಳಿತು. 1982ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಕವಿಗಳ ಮೂಲೆಯಲ್ಲಿ ಅವನ ಸ್ಮಾರಕಶಿಲೆಯನ್ನು ಇರಿಸಲಾಯಿತು.

ಕನ್ನಡದಲ್ಲಿ

ನಾ. ಕಸ್ತೂರಿಯವರು ಆಲಿಸಳ ಮೊದಲ ಕಥೆಯನ್ನು 'ಪಾತಾಳದಲ್ಲಿ ಪಾಪಚ್ಚಿ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಕಥೆ ಬಂದಷ್ಟು ಸಲೀಸಾಗಿ ಆಟಗಳು ಬರಲಾರವು. ಇಂಗ್ಲಿಷಿನಲ್ಲಿ ಸ್ವರ ವ್ಯಂಜನಗಳು ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲುತ್ತವೆ. ಕನ್ನಡದಲ್ಲಿ ಸ್ವರವು ಗುಣಿತವಾಗಿ ವ್ಯಂಜನದಲ್ಲಿ ಬೆರೆಯುತ್ತದೆ, ಎರಡನೆಯ ವ್ಯಂಜನ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. 'ಮರ'ವನ್ನು 'ಮನ' ಮಾಡಿ, 'ಮನ'ವನ್ನು 'ಜನ' ಮಾಡಿ 'ಡಬ್ಲೆಟ್ಸ್' ಆಡಬಹುದು. 'ಮಿಶ್‌ಮಾಶ್' ಆಡಬೇಕಾದರೆ ತಿರುಳು ಎಂಬುದು ಬಿಡಿ ವರ್ಣವೋ ಇಡೀ ಅಕ್ಷರವೋ ಎಂಬುದನ್ನು ಮೊದಲು ತೀರ್ಮಾನಿಸಬೇಕಾಗುತ್ತದೆ.

ನಂತರದ ಪ್ರಭಾವ

'ಡಬ್ಲೆಟ್ಸ್' ಆಟವು ಇಂದು ಪದಏಣಿ ಎಂಬ ಅರ್ಥದ ವರ್ಡ್ ಲ್ಯಾಡರ್ ಎಂಬ ಹೆಸರಿನಲ್ಲಿ ಪತ್ರಿಕೆಗಳಲ್ಲೂ ಗಣಕವಿಜ್ಞಾನದ ಪಠ್ಯಗಳಲ್ಲೂ ಬದುಕಿದೆ. ಪ್ರತಿ ಪದವನ್ನು ಒಂದು ಬಿಂದುವೆಂದೂ, ಒಂದಕ್ಷರದಷ್ಟೇ ಭೇದವಿರುವ ಪದಗಳ ನಡುವೆ ಒಂದು ಗೆರೆಯೆಂದೂ ಎಣಿಸಿದರೆ ಇಡೀ ಭಾಷೆ ಒಂದು ಜಾಲವಾಗುತ್ತದೆ. ಅಮೆರಿಕದ ಗಣಕವಿಜ್ಞಾನಿ ಡೊನಾಲ್ಡ್ ನೂತ್ ಐದಕ್ಷರದ 5757 ಇಂಗ್ಲಿಷ್ ಪದಗಳಿಂದ ಇಂಥ ಜಾಲವನ್ನು ಕಟ್ಟಿ ಪರಿಶೀಲಿಸಿದನು. ಅವುಗಳಲ್ಲಿ 671 ಪದಗಳಿಗೆ ನೆರೆಯ ಪದವೇ ಇಲ್ಲವೆಂದು ತಿಳಿದುಬಂದಿತು. ಇತರರಿಂದ ದೂರ ಉಳಿದ ಎಂಬ ಅರ್ಥದ ಅಲೂಫ್ ಎಂಬುದು ಅಂಥ ಪದಗಳಲ್ಲೊಂದು.